ಬಿದ್ದ ಗರಿ ರಣಹದ್ದಿನದೇ? ಗುರುತು ಹಿಡಿಯುವ ಬಗೆ

ಚಿತ್ರದುರ್ಗದ ಬಂಡೆಗುಡ್ಡಗಳ ಬುಡದಲ್ಲಿ ಮೊಳದುದ್ದದ ಕಪ್ಪು ಗರಿಯೊಂದು ಸಿಕ್ಕರೆ ಬಾಯಿಗೆ ಮೊದಲು ಬರುವ ಹೆಸರು ರಣಹದ್ದು. ಹೆಚ್ಚಿನ ಸಲ ಅದು ಹದ್ದಿನದೋ, ನವಿಲಿನದೋ, ಕೆರೆಯಿಂದ ಕೆರೆಗೆ ಹಾರುವ ಬಣ್ಣದ ಕೊಕ್ಕರೆಯದೋ ಆಗಿರುತ್ತದೆ. ದೊಡ್ಡದಿದೆ, ಕಪ್ಪಗಿದೆ ಎನ್ನುವ ಎರಡೇ ಗುರುತು ನಂಬಿದರೆ ಹೀಗಾಗುತ್ತದೆ. ಉದ್ದವನ್ನು ಕಟ್ಟಕಡೆಗೆ ಅಳೆಯಿರಿ. ಅದಕ್ಕೆ ಮೊದಲು ಪಟ್ಟೆ ಇದೆಯೇ, ಮಿರುಗು ಇದೆಯೇ, ಕಡ್ಡಿ ಎಷ್ಟು ದಪ್ಪ, ಮೇಲ್ಮೈಗೂ ಕೆಳಮೈಗೂ ಬಣ್ಣದಲ್ಲಿ ವ್ಯತ್ಯಾಸವೇನು ಎಂದು ಇದೇ ಕ್ರಮದಲ್ಲಿ ನೋಡಿ. ಮೊದಲ ಎರಡು ಪ್ರಶ್ನೆಗೇ ಬಹುಪಾಲು ಗರಿಗಳು ಉದುರಿಹೋಗುತ್ತವೆ.

ಭಾರತದಲ್ಲಿ 9 ಬಗೆಯ ರಣಹದ್ದುಗಳಿವೆ. ಕರ್ನಾಟಕದಲ್ಲಿ ನೆಲೆ ನಿಂತಿರುವವು ನಾಲ್ಕು: ಬಿಳಿ ರಣಹದ್ದು, ಉದ್ದ ಕೊಕ್ಕಿನ ರಣಹದ್ದು, ಬಿಳಿ ಬೆನ್ನಿನ ರಣಹದ್ದು, ಕೆಂಪು ತಲೆಯ ರಣಹದ್ದು. ಕೊನೆಯ ಎರಡು ಬಂಡೀಪುರ, ನಾಗರಹೊಳೆಯಂಥ ಕಾಡಿನ ಹಕ್ಕಿಗಳು, ಮರದ ಮೇಲೆ ಗೂಡು ಕಟ್ಟುವಂಥವು. ಉದ್ದ ಕೊಕ್ಕಿನದು ಕಡಿದಾದ ಬಂಡೆಯ ಗೋಡೆಯಲ್ಲಿ ಸಂಸಾರ ಹೂಡುತ್ತದೆ. ಅದು ಇರುವ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. ಬಿಳಿ ರಣಹದ್ದಿಗೆ ಬೇಕಾದದ್ದು ಒಣ ಬಯಲು, ಬಂಡೆಯ ಸಂದು, ಕುರಿಹಟ್ಟಿ, ಊರಾಚೆಯ ಕಸದ ಗುಡ್ಡೆ. ಮೊಳಕಾಲ್ಮೂರಿನಿಂದ ಜಗಳೂರಿನವರೆಗಿನ ನೆಲ ಅದಕ್ಕೆ ಹೇಳಿ ಮಾಡಿಸಿದಂತಿದೆ. ಆದ್ದರಿಂದ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಲ್ಲಿ ಮೊದಲು ನೆನೆಯಬೇಕಾದದ್ದು ಬಿಳಿ ರಣಹದ್ದನ್ನೇ.

ತೊಡಕಿರುವುದೂ ಅಲ್ಲೇ. ಬಿಳಿ ರಣಹದ್ದಿನ ಗರಿ ಜನ ಮನಸ್ಸಿನಲ್ಲಿ ಇಟ್ಟುಕೊಂಡ ರಣಹದ್ದಿನ ಗರಿಯಂತೆ ಇರುವುದಿಲ್ಲ. ಉದ್ದದಲ್ಲಿ ಅದು ಹದ್ದಿನ ಗರಿಯನ್ನು ಕೊಂಚ ಮೀರಬಹುದು, ಅಷ್ಟೆ. ಬಾಲದ ಗರಿಯಂತೂ ಕೆನೆ ಬಿಳುಪು. ಹೀಗಾಗಿ ನಿಜವಾದದ್ದನ್ನು ತುಳಿದುಕೊಂಡು ಹೋಗಿ, ನವಿಲಿನ ಗರಿಯನ್ನು ಜೋಪಾನವಾಗಿ ಎತ್ತಿಕೊಂಡು ಬರುವವರೇ ಹೆಚ್ಚು. ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಜಟಾಯು ಬಿದ್ದನೆಂಬ ಸ್ಥಳಪುರಾಣವಿದೆ. ಅಲ್ಲಿ ಸಿಕ್ಕ ಗರಿಯನ್ನೆಲ್ಲ ಜಟಾಯುವಿನ ವಂಶಕ್ಕೆ ಸೇರಿಸುವ ಆಸೆ ಯಾರಿಗೂ ಬರುವಂಥದ್ದೇ. ಆದರೆ ನವಿಲಿಲ್ಲದ ಬೆಟ್ಟ ನಮ್ಮ ಕಡೆ ಯಾವುದಿದೆ?

ಮುಟ್ಟುವ ಮೊದಲು

ಗರಿ ಬಿದ್ದಲ್ಲೇ ಒಂದು ಫೋಟೋ ತೆಗೆಯಿರಿ, ಸುತ್ತಲಿನ ನೆಲವೂ ಕಾಣುವಂತೆ. ಆಮೇಲೆ ತಲೆಯೆತ್ತಿ ನೋಡಿ. ಮೇಲಿನ ಬಂಡೆಯಲ್ಲಿ ಸುಣ್ಣ ಸುರಿದಂಥ ಬಿಳಿ ಹಿಕ್ಕೆಯ ಗೆರೆಗಳಿವೆಯೇ? ಇದ್ದರೆ ಅದು ದೊಡ್ಡ ಹಕ್ಕಿ ದಿನವೂ ಕೂರುವ ಜಾಗ. ಹಾಗೆಂದು ಅದು ರಣಹದ್ದೇ ಎಂದಲ್ಲ. ಗೂಬೆ, ಗಿಡುಗಗಳೂ ಬಂಡೆಗೆ ಸುಣ್ಣ ಬಳಿಯುತ್ತವೆ. ಬಂಡೆಯಲ್ಲಿ ಹೆಜ್ಜೇನು ಕಟ್ಟಿದೆಯೇ ಎಂಬುದನ್ನೂ ಅದೇ ನೋಟದಲ್ಲಿ ನೋಡಿಕೊಳ್ಳಿ. ಜೋಗಿಮಟ್ಟಿ ಕಡೆಯಾದರೆ ಕರಡಿಯ ನೆನಪೂ ಇರಲಿ. ನವೆಂಬರಿನಿಂದ ಮೇವರೆಗೆ ರಣಹದ್ದುಗಳು ಗೂಡಿನಲ್ಲಿರುವ ಕಾಲ: ಉದ್ದ ಕೊಕ್ಕಿನದು ಚಳಿಗಾಲದಲ್ಲಿ ಮೊಟ್ಟೆಯಿಡುತ್ತದೆ, ಬಿಳಿ ರಣಹದ್ದು ಬೇಸಿಗೆಯ ಹೊತ್ತಿಗೆ. ಆಗ ಗೂಡಿನ ಬುಡಕ್ಕೆ ಹೋಗಬೇಡಿ, ದೂರದಿಂದ ದುರ್ಬೀನು ಸಾಕು. ತಾಯಿ ಎದ್ದು ಹಾರಿದರೆ ಮರಿಗೆ ಬಿಸಿಲೇ ಶತ್ರು, ಮೊಟ್ಟೆಗೆ ಕಾಗೆ.

ಸತ್ತ ದನ, ಕುರಿ ಎಸೆದ ಜಾಗದಲ್ಲಿ ಗರಿ ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ದನ ನೆರಡಿ ರೋಗದಿಂದ (ಆಂಥ್ರಾಕ್ಸ್) ಸತ್ತಿದ್ದರೆ ಅದರ ಬೀಜಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದಿರುತ್ತದೆ. ಗ್ಲೌಸ್ ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನು ಕೈಗೆ ತೊಟ್ಟುಕೊಂಡು ಹಿಡಿಯಿರಿ, ಕೆಲಸವಾದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಗಾಳಿಯಂತ್ರದ ಕೆಳಗೋ ಕರೆಂಟ್ ಕಂಬದ ಬುಡದಲ್ಲೋ ಗರಿಯ ಜೊತೆ ಹಕ್ಕಿಯೂ ಸತ್ತು ಬಿದ್ದಿದ್ದರೆ ಏನನ್ನೂ ಕದಲಿಸದೆ ಅರಣ್ಯ ಇಲಾಖೆಯ 1926 ಸಂಖ್ಯೆಗೆ ಕರೆ ಮಾಡಿ.

ಇನ್ನೊಂದು ಮಾತು ಮೊದಲೇ ಗೊತ್ತಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗರಿಯೂ ಕಾಡುಪ್ರಾಣಿಯ ಅಂಗವೇ; ತಾನಾಗಿ ಉದುರಿದ್ದಾದರೂ ಅದು ಸರ್ಕಾರದ ಸ್ವತ್ತು. ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು. ನವಿಲಿನ ಉದುರಿದ ಬಾಲದ ಗರಿಗೆ ಇರುವ ವಿನಾಯಿತಿಯನ್ನು ಉಳಿದ ಹಕ್ಕಿಗಳಿಗೆ ಹಿಗ್ಗಿಸುವಂತಿಲ್ಲ. ಆದ್ದರಿಂದ ಜಾಗದಲ್ಲೇ ಅಳೆದು, ಫೋಟೋ ತೆಗೆದು, ಅಲ್ಲೇ ಬಿಟ್ಟು ಬರುವುದು ಎಲ್ಲಕ್ಕಿಂತ ಸುಲಭ. ಕೆಳಗಿನದನ್ನೆಲ್ಲ ಗುಡ್ಡದ ಮೇಲೆ ಕಾಲು ಗಂಟೆಯಲ್ಲಿ ಮುಗಿಸಬಹುದು. ಬೇಕಾದದ್ದು 60 ಸೆಂ.ಮೀ. ಅಳೆಯುವ ಟೇಪು, ಒಂದು ಬಿಳಿ ಹಾಳೆ, ಒಂದು ಪೆನ್ಸಿಲು, ಒಣಬಟ್ಟೆಯ ತುಂಡು, ಟಾರ್ಚ್ ಇರುವ ಮೊಬೈಲು.

ಯಾವ ಭಾಗದ ಗರಿ?

ಹೆಸರುಗಳನ್ನು ಒಪ್ಪಂದ ಮಾಡಿಕೊಳ್ಳೋಣ. ಉದ್ದಕ್ಕೂ ಹಾಯುವುದು ಕಡ್ಡಿ. ಕೆಳಗೆ ಎಳೆಗಳಿಲ್ಲದ ಟೊಳ್ಳು ಭಾಗ ಬುಡ. ಕಡ್ಡಿಯ ಎರಡೂ ಕಡೆ ಹರಡಿದ್ದು ಪಕ್ಕ. ಗರಿಯ ಎರಡು ಮೈಗಳಲ್ಲಿ ಯಾವುದು ಕೆಳಗಿನದು ಎಂದು ತಿಳಿಯಲು ಕಡ್ಡಿಯ ಮೇಲೆ ಉಗುರು ಎಳೆಯಿರಿ. ಕೆಳಮೈಯಲ್ಲಿ ಕಡ್ಡಿಗೆ ಉದ್ದಕ್ಕೂ ಒಂದು ಕಾಲುವೆ ಇರುತ್ತದೆ, ಮೇಲ್ಮೈಯಲ್ಲಿ ಅದು ನುಣ್ಣಗೆ ದುಂಡಗಿರುತ್ತದೆ.

ಒಂದು ಪಕ್ಕ ತೀರಾ ಕಿರಿದು, ಇನ್ನೊಂದು ಅಗಲ, ಕಡ್ಡಿ ಬಿರುಸು ಎಂದಾದರೆ ಅದು ರೆಕ್ಕೆಯ ತುದಿಯ ಗರಿ. ರಣಹದ್ದಿನ ಹೊರಗಿನ ತುದಿಗರಿಗಳು ಅರ್ಧ ದಾಟಿದ ಮೇಲೆ ಇದ್ದಕ್ಕಿದ್ದಂತೆ ಸಪೂರವಾಗುತ್ತವೆ, ಚೂರಿಯ ಹಿಡಿಯಿಂದ ಅಲಗು ಹೊರಟ ಹಾಗೆ. ಆಕಾಶದಲ್ಲಿ ಬೆರಳು ಬಿಡಿಸಿದಂತೆ ಕಾಣುವುದು ಈ ಭಾಗವೇ. ಇಂಥ ಕಚ್ಚು ಹದ್ದಿಗೂ ಗಿಡುಗಕ್ಕೂ ಕೊಕ್ಕರೆಗೂ ಇದೆ. ಅದು ಹೇಳುವುದು ಇಷ್ಟೇ, ಈ ಹಕ್ಕಿ ರೆಕ್ಕೆ ಬಡಿಯದೆ ತೇಲುವಂಥದ್ದು. ಕಡ್ಡಿ ತುಸು ಬಾಗಿ, ಗರಿ ಅಗಲವಾಗಿ, ತುದಿ ದುಂಡಗಿದ್ದರೆ ರೆಕ್ಕೆಯ ಒಳಭಾಗದ್ದು. ಕಡ್ಡಿ ನೆಟ್ಟಗೆ, ಎರಡು ಪಕ್ಕಗಳೂ ಹೆಚ್ಚುಕಡಿಮೆ ಸಮ ಇದ್ದರೆ ಬಾಲದ್ದು. ಬುಡದಲ್ಲಿ ತುಪ್ಪುಳು ಹೆಚ್ಚಿರುವ ಅಂಗೈಯಗಲದ ಮೃದು ಗರಿ ಮೈಯದ್ದು. ಬರೀ ಮೈಪುಕ್ಕ ಸಿಕ್ಕಿದ್ದರೆ ಹಕ್ಕಿಯ ಹೆಸರು ಹೇಳುವ ಹಟ ಬೇಡ.

ಎಡ ರೆಕ್ಕೆಯೋ ಬಲ ರೆಕ್ಕೆಯೋ ಎನ್ನುವುದನ್ನು ತಿರುಗುಮುರುಗು ಹೇಳುವವರು ಬಹಳ. ಮೇಲ್ಮೈ ಮೇಲಿರಲಿ, ಬುಡ ನಿಮ್ಮಿಂದ ಆಚೆಗೆ, ತುದಿ ನಿಮ್ಮ ಕಡೆಗೆ. ಹಕ್ಕಿ ನಿಮಗೆ ಬೆನ್ನು ಹಾಕಿ ರೆಕ್ಕೆ ಮಡಿಸಿ ಕೂತಿದೆ ಎಂದುಕೊಳ್ಳಿ. ಕಿರಿದಾದ ಪಕ್ಕ ಎಡಕ್ಕಿದ್ದರೆ ಎಡ ರೆಕ್ಕೆ, ಬಲಕ್ಕಿದ್ದರೆ ಬಲ ರೆಕ್ಕೆ. ಒಂದೇ ಜಾಗದಲ್ಲಿ ಹಲವು ಗರಿ ಸಿಕ್ಕಾಗ ಅವೆಲ್ಲ ಒಂದೇ ಹಕ್ಕಿಯವೋ ಎಂದು ಯೋಚಿಸಲು ಇದು ಬೇಕಾಗುತ್ತದೆ.

ಬುಡವನ್ನೂ ನೋಡದೆ ಬಿಡಬೇಡಿ. ತಾನಾಗಿ ಉದುರಿದ ಗರಿಯ ಬುಡ ಪೂರ್ತಿಯಾಗಿ, ಒಣಗಿ, ಶುಭ್ರವಾಗಿರುತ್ತದೆ. ಬುಡಕ್ಕೆ ಮಾಂಸದ ಚೂರು ಅಂಟಿದ್ದರೆ ಯಾರೋ ಕಿತ್ತದ್ದು. ಬುಡವೇ ಇಲ್ಲದೆ ಕತ್ತರಿಸಿದಂತಿದ್ದರೆ ನಾಯಿಯೋ ನರಿಯೋ ಅಗಿದದ್ದು. ಬುಡ ನೀಲಿಗಪ್ಪಾಗಿ ಒಳಗೆ ರಕ್ತ ತುಂಬಿದ್ದರೆ ಅದು ಇನ್ನೂ ಬೆಳೆಯುತ್ತಿದ್ದ ಗರಿ. ಹಕ್ಕಿಗೆ ಏನೋ ಅಪಾಯವಾಗಿದೆ ಎಂದೇ ಅರ್ಥ. ಆಗ ಸುತ್ತ ಹುಡುಕಿ.

ಪಟ್ಟೆ, ಮಿರುಗು, ಕಡ್ಡಿ

ಗರಿಯನ್ನು ಆಕಾಶಕ್ಕೆ ಎತ್ತಿ ಹಿಡಿಯಿರಿ, ಇಲ್ಲವೇ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಡಿ. ಅಗಲವಾದ ಪಕ್ಕದ ಬುಡದ ಅರ್ಧವನ್ನು ನೋಡಬೇಕು, ತುದಿಯನ್ನಲ್ಲ. ಹದ್ದಿನ ರೆಕ್ಕೆಯ ತುದಿಗರಿ ತುದಿಯಲ್ಲಿ ಒಂದೇ ಸಮನೆ ಕಪ್ಪಗಿದ್ದು ಮೋಸ ಮಾಡುತ್ತದೆ. ಬುಡದ ಕಡೆ ಬೂದು, ಕಂದು ಅಡ್ಡಪಟ್ಟೆಗಳೂ ಚುಕ್ಕೆಗಳೂ ಬಯಲಾಗುತ್ತವೆ. ಹಾವು ತಿನ್ನುವ ಗಿಡುಗದ ಗರಿಯಲ್ಲಿ ಬಿಳಿಯ ಮೇಲೆ ಪಟ್ಟೆ ಇನ್ನೂ ಸ್ಪಷ್ಟ. ಗೂಬೆಯ ಗರಿಗೂ ಪಟ್ಟೆಯುಂಟು, ಮೇಲಾಗಿ ಅದರ ಮೈ ಮಖಮಲ್ಲಿನಂತಿರುತ್ತದೆ, ಹೊರಗರಿಯ ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳಿರುತ್ತವೆ. ನಮ್ಮ ನಾಲ್ಕೂ ರಣಹದ್ದುಗಳ ರೆಕ್ಕೆಯ ಗರಿಗೆ ಅಡ್ಡಪಟ್ಟೆ ಇಲ್ಲ. ಪಟ್ಟೆ ಕಂಡರೆ ಅಲ್ಲಿಗೆ ರಣಹದ್ದಿನ ಮಾತು ಮುಗಿಯಿತು.

ಇಲ್ಲೊಂದು ಎಚ್ಚರ. ಬೆಳಕಿಗೆ ಓರೆಯಾಗಿ ಹಿಡಿದಾಗ ಯಾವ ದೊಡ್ಡ ಗರಿಯಲ್ಲೂ ತೆಳುವಾದ, ಸಮ ಅಂತರದ ತಿಳಿ-ಗಾಢ ಗೆರೆಗಳು ಕಾಣಬಹುದು. ಅವು ಬಣ್ಣದ ಪಟ್ಟೆಗಳಲ್ಲ, ಬೆಳವಣಿಗೆಯ ಗುರುತುಗಳು. ಒಂದು ತಿಳಿ, ಒಂದು ಗಾಢ ಸೇರಿದರೆ ಹೆಚ್ಚುಕಡಿಮೆ ಒಂದು ಹಗಲು-ರಾತ್ರಿಯ ಬೆಳವಣಿಗೆ. ಇನ್ನು ಕೆಲವೊಮ್ಮೆ ಗರಿಯನ್ನು ಅಡ್ಡಲಾಗಿ ಸೀಳಿದಂತೆ ಒಂದೋ ಎರಡೋ ಪಾರದರ್ಶಕ ಗೆರೆಗಳಿರುತ್ತವೆ, ಅಲ್ಲಿ ಎಳೆಗಳು ಮುರಿದಿರುತ್ತವೆ. ಗರಿ ಬೆಳೆಯುವಾಗ ಹಕ್ಕಿಗೆ ಹಸಿವೋ ಕಾಯಿಲೆಯೋ ಇತ್ತೆಂಬುದರ ಗುರುತು ಅದು. ಬಣ್ಣದ ಪಟ್ಟೆ ನೇರ ನೋಟಕ್ಕೂ ಕಾಣುತ್ತದೆ, ಬೆಳವಣಿಗೆಯ ಗೆರೆಗಳು ಓರೆ ಬೆಳಕಿಗೆ ಮಾತ್ರ.

ಪಟ್ಟೆ ಇಲ್ಲವೆಂದರೆ ಬಿಸಿಲಿಗೆ ತಂದು ನಿಧಾನಕ್ಕೆ ತಿರುಗಿಸಿ. ಹಸಿರೋ ನೇರಳೆಯೋ ಮಿರುಗಿದರೆ ಕೊಕ್ಕರೆ ಜಾತಿ. ಸೂಳೆಕೆರೆ, ಕೊಂಡಜ್ಜಿ ಕೆರೆ, ಮಾರಿಕಣಿವೆಯ ಹಿನ್ನೀರು ಇವುಗಳ ಹತ್ತಿರ ಸಿಗುವ ದೊಡ್ಡ ಕಪ್ಪು ಗರಿಗಳಿಗೆ ಈ ಪರೀಕ್ಷೆ ಮೊದಲು ಮಾಡಿ. ಬಣ್ಣದ ಕೊಕ್ಕರೆಯ ಗರಿ ಉದ್ದದಲ್ಲೂ ಕಪ್ಪಿನಲ್ಲೂ ರಣಹದ್ದಿನದನ್ನು ಹೋಲುತ್ತದೆ, ಆದರೆ ಹಸಿರು ಮಿರುಗು ಅಡಗುವುದಿಲ್ಲ. ಬಾಯ್ಕಳಕ ಎಂಬ ಇನ್ನೊಂದು ಕೊಕ್ಕರೆಯದೂ ಹಾಗೆಯೇ. ರಣಹದ್ದಿನ ಕಪ್ಪು ಒಲೆಯ ಮಸಿಯಂಥದ್ದು, ಹಳೆಯದಾದಂತೆ ಕಂದಿಗೆ ತಿರುಗುವಂಥದ್ದು. ಎಣ್ಣೆ ಹಚ್ಚಿದಂಥ ಹೊಳಪು ಅದಕ್ಕಿಲ್ಲ. ಗಂಡು ನವಿಲಿನ ರೆಕ್ಕೆಯ ತುದಿಗರಿ ಇಟ್ಟಿಗೆಗೆಂಪು, ಅದರಲ್ಲಿ ಗೊಂದಲವಿಲ್ಲ. ಹೆಣ್ಣು ನವಿಲಿನದು ಕಂದು, ಅದೇ ತಲೆನೋವು. ಅದನ್ನು ನೆಲದ ಮೇಲಿಟ್ಟು ಪಕ್ಕದಿಂದ ನೋಡಿದರೆ ಕೋಳಿಯ ಗರಿಯಂತೆ ಕುಡುಗೋಲಾಗಿ ಬಾಗಿರುತ್ತದೆ. ರಣಹದ್ದಿನ ತುದಿಗರಿ ಅಷ್ಟು ಬಾಗದು.

ಈಗ ಕಡ್ಡಿ. ಬುಡದ ಪಕ್ಕದಲ್ಲಿ ಪೆನ್ಸಿಲ್ ಇಟ್ಟು ನೋಡಿ. ಉದ್ದ ಕೊಕ್ಕಿನ, ಬಿಳಿ ಬೆನ್ನಿನ ರಣಹದ್ದುಗಳ ತುದಿಗರಿಯ ಬುಡ ಪೆನ್ಸಿಲಿನಷ್ಟು ಅಥವಾ ಅದಕ್ಕಿಂತ ದಪ್ಪ. ಐದಾರು ಕಿಲೋ ತೂಗುವ ಹಕ್ಕಿಯನ್ನು ಹೊರುವ ಗರಿ ಅದು. ಬಿಳಿ ರಣಹದ್ದಿನ ತೂಕ ಎರಡು ಕಿಲೋ ಆಸುಪಾಸು. ಅದರ ಕಡ್ಡಿ ಪೆನ್ಸಿಲಿಗಿಂತ ಸಣ್ಣ, ಬಾಲ್‌ಪೆನ್ನಿನ ರೀಫಿಲ್ಲಿಗಿಂತ ದಪ್ಪ. ತುದಿ ಹರಿದುಹೋದ ಗರಿಗೆ ಉದ್ದಕ್ಕಿಂತ ಈ ದಪ್ಪವೇ ನಂಬಿಕಸ್ಥ.

ಯಾವ ರಣಹದ್ದು?

ಬಿಳಿ ರಣಹದ್ದಿನ ಅತ್ಯಂತ ಖಚಿತ ಗರಿ ರೆಕ್ಕೆಯ ಒಳಭಾಗದ್ದು. ಮೇಲ್ಮೈಯಲ್ಲಿ ಹೊರಪಕ್ಕಕ್ಕೆ ವಿಭೂತಿ ಬಳಿದಂಥ ಬೂದುಬಿಳುಪು, ಒಳಪಕ್ಕ ಮಸಿಗಪ್ಪು, ಮಗುಚಿದರೆ ಕೆಳಮೈ ಪೂರ್ತಿ ಕಪ್ಪು. ರೆಕ್ಕೆಯ ತುದಿಗರಿಗಳಲ್ಲೂ ಬುಡದ ಹೊರಪಕ್ಕಕ್ಕೆ ಇದೇ ಬೂದು ಸವರಿರುತ್ತದೆ, ಉಳಿದದ್ದು ಕಪ್ಪು. ಆ ಬಿಳುಪು ಧೂಳೋ ಹಿಕ್ಕೆಯೋ ಆಗಿರಬಹುದು, ಅದಕ್ಕೇ ಒಣಬಟ್ಟೆಯಲ್ಲಿ ಬುಡದಿಂದ ತುದಿಗೆ ಮೆಲ್ಲಗೆ ಒರೆಸಿ. ಬಣ್ಣವಾದರೆ ಹೋಗುವುದಿಲ್ಲ. ಒದ್ದೆ ಬಟ್ಟೆ ಬೇಡ, ಒದ್ದೆಯಾದ ಗರಿ ಗಾಢವಾಗಿ ಕಂಡು ಲೆಕ್ಕ ತಪ್ಪಿಸುತ್ತದೆ. ಬಾಲದ ಗರಿ ಗೇಣುದ್ದ ಅಥವಾ ತುಸು ಹೆಚ್ಚು, ಕೆನೆ ಬಿಳುಪು, ಕಡ್ಡಿಯೂ ದಂತದ ಬಣ್ಣ. ಬೆಳ್ಳಕ್ಕಿಯ ಗರಿ ಇದಕ್ಕಿಂತ ಅಚ್ಚಬಿಳಿ, ಸಪೂರ, ಕಡ್ಡಿ ನಾಜೂಕು. ಸಾಕಿದ ಬಾತು, ಬಿಳಿ ಹುಂಜದ ಗರಿಗಳು ಕಸದ ಗುಡ್ಡೆಯಲ್ಲಿ ಬಿದ್ದಿರುತ್ತವಾದ್ದರಿಂದ, ಬಿಳಿ ಬಾಲಗರಿ ಒಂದರ ಮೇಲೆಯೇ ಯಾವ ತೀರ್ಮಾನಕ್ಕೂ ಬರಬೇಡಿ. ಜೊತೆಗೆ ಒಂದು ರೆಕ್ಕೆಯ ಗರಿ ಬೇಕೇ ಬೇಕು. ಮರಿಹಕ್ಕಿಯ ವಿಷಯ ಬೇರೆ. ಅದರ ಮೈ, ಬಾಲ ಎಲ್ಲ ಗಾಢ ಕಂದು, ಅಂಚಿನಲ್ಲಿ ತಿಳಿಬಣ್ಣ. ಪೂರ್ತಿ ಬಿಳಿ ಉಡುಪು ಬರಲು ಐದು ವರ್ಷದಷ್ಟು ಹಿಡಿಯುತ್ತದೆ.

ಕಡ್ಡಿ ಪೆನ್ಸಿಲಿನಷ್ಟು ದಪ್ಪ, ಪಟ್ಟೆ ಇಲ್ಲ, ಮಿರುಗಿಲ್ಲ, ಉದ್ದ 45ರಿಂದ 55 ಸೆಂ.ಮೀ. ಆಸುಪಾಸು ಇದ್ದರೆ ದೊಡ್ಡ ರಣಹದ್ದುಗಳ ಗುಂಪು. ಉದ್ದ ಕೊಕ್ಕಿನದೋ ಬಿಳಿ ಬೆನ್ನಿನದೋ ಎಂಬುದನ್ನು ತುದಿಗರಿಯೊಂದರಿಂದ ಹೇಳಲಾಗದು. ಎರಡಕ್ಕೂ ಅದು ಮಸಿಗಂದು. ಬೆಳೆದ ಬಿಳಿ ಬೆನ್ನಿನ ರಣಹದ್ದಿನ ಒಳರೆಕ್ಕೆಯ ಗರಿ ಮೇಲ್ಮೈಯಲ್ಲಿ ಬೆಳ್ಳಿಬೂದು. ಉದ್ದ ಕೊಕ್ಕಿನದಕ್ಕೆ ಆ ಬೆಳ್ಳಿಯಿಲ್ಲ. ಅದೇ ಜಾಗದಲ್ಲಿ ಒಣಹುಲ್ಲಿನ ಬಣ್ಣದ, ನಡುವೆ ಗಾಢವಾದ ಮೈಪುಕ್ಕಗಳು ಚೆಲ್ಲಿದ್ದರೆ ಉದ್ದ ಕೊಕ್ಕಿನದರ ಕಡೆ ವಾಲಬಹುದು. ಬಿಳಿ ಬೆನ್ನಿನದಕ್ಕೆ 12 ಬಾಲಗರಿ, ಉದ್ದ ಕೊಕ್ಕಿನದಕ್ಕೆ 14. ಆದರೆ ಇದು ಸತ್ತ ಹಕ್ಕಿಯನ್ನು ಗುರುತಿಸುವಾಗ ಉಪಯೋಗಕ್ಕೆ ಬರುವ ಲೆಕ್ಕ, ಉದುರಿದ ಒಂಟಿ ಗರಿಗಲ್ಲ. ಇವುಗಳ ಬಾಲಗರಿಯ ತುದಿ ಬಂಡೆಗೆ ಉಜ್ಜಿ ಉಜ್ಜಿ ಸವೆದು, ಬರೀ ಕಡ್ಡಿ ಈಚೆ ಚಾಚಿಕೊಂಡಿರುವುದು ಸಾಮಾನ್ಯ. ಒಳರೆಕ್ಕೆಯ ಗರಿಯ ತುದಿ ಮೊನಚಾಗಿದ್ದರೆ ಎಳೆಯ ಹಕ್ಕಿ, ದುಂಡಗಿದ್ದರೆ ಬೆಳೆದದ್ದು.

ಖಚಿತವಿಲ್ಲದಾಗ 'ದೊಡ್ಡ ರಣಹದ್ದು, ಜಾತಿ ಗೊತ್ತಿಲ್ಲ' ಎಂದು ಬರೆಯುವುದಕ್ಕೆ ಸಂಕೋಚ ಬೇಡ. ಊಹಿಸಿ ಬರೆದ ಜಾತಿಯ ಹೆಸರಿಗಿಂತ ಅದು ಎಷ್ಟೋ ಬೆಲೆಯ ದಾಖಲೆ. ಪಶುಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ನೋವುಮದ್ದಿನಿಂದ ಬಿಳಿ ಬೆನ್ನಿನ ರಣಹದ್ದು 1992ರಿಂದ 2007ರೊಳಗೆ ಭಾರತದಲ್ಲಿ ಶೇ. 99.9ರಷ್ಟು ಕುಸಿಯಿತು. 2006ರಲ್ಲಿ ಪಶುವೈದ್ಯ ಬಳಕೆಗೆ ಆ ಮದ್ದನ್ನು ನಿಷೇಧಿಸಿದ ಮೇಲೂ ಹಕ್ಕಿ ಹಿಂದಿನಂತಾಗಿಲ್ಲ. ಇಂಥ ಹಕ್ಕಿ ಒಂದು ತಾಲೂಕಿನಲ್ಲಿದೆ ಎಂದು ತಪ್ಪಾಗಿ ಬರೆದರೆ ಮುಂದಿನವರು ಆ ಬೆಟ್ಟವನ್ನು ವರ್ಷಗಟ್ಟಲೆ ಸುಮ್ಮನೆ ಕಾಯಬೇಕಾಗುತ್ತದೆ.

ಹಳೆಯ ಗರಿಗಳ ಬಗ್ಗೆ ಒಂದು ಮಾತು. ದೊಡ್ಡ ರಣಹದ್ದು ರೆಕ್ಕೆಯ ಗರಿಗಳನ್ನೆಲ್ಲ ಒಂದೇ ವರ್ಷದಲ್ಲಿ ಬದಲಿಸಲಾರದು, ಎರಡು-ಮೂರು ವರ್ಷ ಹಿಡಿಯುತ್ತದೆ. ಆದ್ದರಿಂದ ಉದುರುವ ಹೊತ್ತಿಗೇ ಗರಿ ಬಿಸಿಲಿಗೆ ಮಾಸಿ ಕಂದಾಗಿರುತ್ತದೆ. ಅದರ ಮೇಲೆ ಚಳ್ಳಕೆರೆಯ ಬಿಸಿಲಿನಲ್ಲಿ ಒಂದು ಬೇಸಿಗೆ ಬಿದ್ದಿದ್ದರೆ ಕಪ್ಪೆಲ್ಲ ಚಹಾಪುಡಿಯ ಬಣ್ಣಕ್ಕಿಳಿದಿರುತ್ತದೆ. ಎರಡು ಗರಿ ಒಂದರ ಮೇಲೊಂದು ಮುಚ್ಚಿಕೊಂಡಿದ್ದ ಭಾಗದಲ್ಲಿ, ಅಂದರೆ ಅಗಲಪಕ್ಕದ ಬುಡದಲ್ಲಿ, ಮೂಲ ಬಣ್ಣ ಹೆಚ್ಚು ಕಾಲ ಉಳಿಯುತ್ತದೆ. ಬಣ್ಣವನ್ನು ಅಲ್ಲೇ ಓದಿ. ಕೆಮ್ಮಣ್ಣು ಹಿಡಿದ ಬಿಳಿಗರಿ ಗರುಡನ ಗರಿಯಂತೆ ಕೆಂಪಾಗಿ ಕಾಣುವುದೂ ಉಂಟು. ಎಳೆಗಳನ್ನು ಬಿಡಿಸಿ ನೋಡಿದರೆ ಒಳಗೆ ಬಿಳುಪು ಸಿಗುತ್ತದೆ.

ಫೋಟೋ ಮತ್ತು ಚೀಟಿ

ನೆರಳಿನಲ್ಲಿ ಬಿಳಿ ಹಾಳೆಯ ಮೇಲೆ ಗರಿಯನ್ನಿಟ್ಟು, ಪಕ್ಕದಲ್ಲಿ ಟೇಪು ಹರವಿ, ಮೊಬೈಲನ್ನು ನೆಟ್ಟಗೆ ಮೇಲಿನಿಂದ ಹಿಡಿಯಿರಿ. ಓರೆ ಹಿಡಿದರೆ ಟೇಪಿನ ಅಳತೆ ಸುಳ್ಳಾಗುತ್ತದೆ. ನಾಲ್ಕು ಚಿತ್ರ ಸಾಕು: ಮೇಲ್ಮೈ, ಕೆಳಮೈ, ಹಿಂದಿನಿಂದ ಬೆಳಕು ಬಿಟ್ಟದ್ದು, ಪೆನ್ಸಿಲಿನ ಜೊತೆ ಬುಡ. ಟೇಪು ಮರೆತಿದ್ದರೆ ಹತ್ತು ರೂಪಾಯಿ ನಾಣ್ಯವಿಡಿ, ಅದರ ಅಡ್ಡಳತೆ 27 ಮಿ.ಮೀ. ಗರಿ ಬಾಗಿದ್ದರೆ ಕಡ್ಡಿಯನ್ನು ಹಾಳೆಗೆ ಒತ್ತಿ ನೇರ ಮಾಡಿ ಅಳೆಯಿರಿ; ಬುಡದ ತುದಿಯಿಂದ ಗರಿಯ ತುದಿಯವರೆಗಿನ ಅಳತೆಯೇ ಉದ್ದ. ದಿನಾಂಕ, ಜಾಗ, ಬಂಡೆಯೋ ಬಯಲೋ ಕೆರೆದಂಡೆಯೋ, ಹತ್ತಿರ ಸತ್ತ ದನ ಇತ್ತೇ ಎಂಬುದನ್ನು ಅಲ್ಲೇ ಬರೆದಿಡಿ, ಮನೆಗೆ ಬಂದ ಮೇಲಲ್ಲ.

ಚಿತ್ರಗಳನ್ನು ಜೀವಿಗಳನ್ನು ದಾಖಲಿಸುವ ಜಾಲತಾಣವಾದ ಐನ್ಯಾಚುರಲಿಸ್ಟ್‌ಗೆ ಹಾಕಿದರೆ ಅಳಿವಿನಂಚಿನ ಜಾತಿಗಳ ಜಾಗವನ್ನು ಅದು ತಾನಾಗಿ ಮಸುಕುಗೊಳಿಸುತ್ತದೆ. ವಾಟ್ಸ್‌ಆ್ಯಪ್ ಗುಂಪುಗಳಿಗೆ ಆ ಬುದ್ಧಿಯಿಲ್ಲ. ಗೂಡಿರಬಹುದಾದ ಬಂಡೆಯ ಹೆಸರು, ಲೊಕೇಶನ್ ಅಲ್ಲಿ ಹಾಕಬೇಡಿ.

ಗರಿ ಬೇಕೆಂದು ಅರಣ್ಯ ಇಲಾಖೆಯವರೇ ಹೇಳಿದರೆ ಹಳೆಯ ಪೇಪರಿನಲ್ಲೋ ಕಾಗದದ ಕವರಿನಲ್ಲೋ ಇಟ್ಟು ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಲುಪಿಸಿ. ಪ್ಲಾಸ್ಟಿಕ್ ಕವರಿನಲ್ಲಿ ತೇವ ಉಳಿದು ಬೂಷ್ಟು ಹಿಡಿಯುತ್ತದೆ. ಬುಡವನ್ನು ಕತ್ತರಿಸಬೇಡಿ, ಸೋಪು ಹಾಕಿ ತೊಳೆಯಬೇಡಿ: ಬುಡ ಮುಗಿದು ಎಳೆಗಳು ಶುರುವಾಗುವಲ್ಲಿ ಒಂದು ಪುಟ್ಟ ರಂಧ್ರವಿದೆ, ಅಲ್ಲಿ ಒಣಗಿ ಉಳಿದ ರಕ್ತದ ಕಣದಿಂದ ಡಿಎನ್ಎ ತೆಗೆದು ಜಾತಿಯನ್ನು ಖಚಿತಪಡಿಸಬಹುದು. ಚೀಟಿಯನ್ನು ಕವರಿನ ಒಳಗೆ ಹಾಕಿ, ಹೊರಗೂ ಬರೆಯಿರಿ.